ಒಂದೇ ಸಂಚಿಕೆಯ ಬಗ್ಗೆ ಅಭಿಪ್ರಾಯ ಬರೆಯುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಧಾರಾವಾಹಿ ನೋಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಟಿವಿ ಹಚ್ಚಿದರೆ ರಾತ್ರಿ ಹತ್ತರ ತನಕ ಆರಿಸದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ನೋಡಿ ಮುಗಿದ ಮೇಲೆ "ಇವತ್ತಿಂದು ಬರೀ ಎಳೆದಾಟ" ಅಂದು ಎದ್ದು ಹೋಗುವವರಿಗೆ ಈ ಪುಟ ಬೇಕಿಲ್ಲ. ಯಾವ ದೃಶ್ಯದಲ್ಲಿ ಎಳೆದರು, ಎಷ್ಟು ನಿಮಿಷ ಎಳೆದರು, ಎಲ್ಲಿ ಚೆನ್ನಾಗಿತ್ತು ಅಂತ ಬರೆದಿಡುವ ಚಟ ಇರುವವರಿಗೆ ಇದು.

ಇಡೀ ಧಾರಾವಾಹಿ ಚೆಂದ ಐತೋ ಇಲ್ಲೋ ಅಂತ ಹೇಳಿದ್ರ ಸಾಲದೇನ್ರಿ? ಒಂದೊಂದು ಸಂಚಿಕೆ ಹಿಡಕೊಂಡು ಯಾಕ ಕೂಡಬೇಕು?

ದಿನದ ಧಾರಾವಾಹಿ ವಾರಕ್ಕೆ ಐದು ಸಂಚಿಕೆಯಂತೆ ಎರಡು ವರ್ಷ ಓಡಿದರೆ 500 ದಾಟುತ್ತದೆ. ಅಷ್ಟರಲ್ಲಿ ಸಂಭಾಷಣೆ ಬರೆಯುವವರು ಬದಲಾಗಿರುತ್ತಾರೆ, ಸಂಚಿಕೆ ನಿರ್ದೇಶಕರು ಬದಲಾಗಿರುತ್ತಾರೆ, ಕೆಲವು ಸಲ ನಾಯಕನೇ ಬದಲಾಗಿರುತ್ತಾನೆ. ಸೋಮವಾರದ ಸಂಚಿಕೆ ಗಟ್ಟಿ ಮೊಸರಿನಂತಿದ್ದು ಗುರುವಾರದ್ದು ನೀರು ಮಜ್ಜಿಗೆಯಾಗಿರಬಹುದು. ಎರಡನ್ನೂ ಸೇರಿಸಿ "ಪರವಾಗಿಲ್ಲ" ಅಂದರೆ ಎರಡಕ್ಕೂ ಅನ್ಯಾಯ.

ಒಂದು ಸಂಚಿಕೆಗೆ ಕೇಳಬೇಕಾದ ಪ್ರಶ್ನೆ ಒಂದೇ. ಶುರುವಿನಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾರ ಕೈಯಲ್ಲಿ ಏನಿತ್ತು, ಕೊನೆಗೆ ಅದರಲ್ಲಿ ಏನು ಬದಲಾಯಿತು? ಒಂದು ಗುಟ್ಟು ಹೊಸಬರ ಕಿವಿಗೆ ಬಿದ್ದರೂ ಸಾಕು, ಬದಲಾವಣೆ ಆಯಿತು. ಏನೂ ಆಗದೆ ಎಲ್ಲರೂ ನಿಂತಲ್ಲೇ ನಿಂತಿದ್ದರೆ ಹಿನ್ನೆಲೆ ಸಂಗೀತ ಎಷ್ಟೇ ಗುಡುಗಲಿ, ಆ ಸಂಚಿಕೆ ಖಾಲಿ.

ಈ ಅಳತೆಯನ್ನು ಎಲ್ಲದಕ್ಕೂ ಹಚ್ಚಬೇಡಿ. 1986ರಲ್ಲಿ ದೂರದರ್ಶನದಲ್ಲಿ ಬಂದ, ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್'ನಲ್ಲಿ ಹೆಚ್ಚಿನ ಕಥೆಗಳು ಒಂದೇ ಸಂಚಿಕೆಯಲ್ಲಿ ಮುಗಿಯುತ್ತವೆ. ಅಂಥದ್ದನ್ನು ಸಣ್ಣಕಥೆ ಓದಿದ ಹಾಗೆ ನೋಡಬೇಕು: ಕೊನೆ ಕೂತಿತೇ, ಇಲ್ಲವೇ? ದಿನದ ಧಾರಾವಾಹಿಗೆ ಕೊನೆಯೇ ಇಲ್ಲ, ಇರುವುದು ನಾಳೆಗೆ ಕಟ್ಟಿದ ಗಂಟು ಮಾತ್ರ.

ಅರ್ಧ ಗಂಟೆಯಲ್ಲಿ ನಿಜವಾದ ಕಥೆ ಎಷ್ಟು ಹೊತ್ತು?

ಕೇಬಲ್ ಟಿವಿ ನಿಯಮಗಳು, 1994ರ ಪ್ರಕಾರ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ 10 ನಿಮಿಷ ಹೊರಗಿನ ಜಾಹೀರಾತು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರ. ಅಂದರೆ ಅರ್ಧ ಗಂಟೆಗೆ 6 ನಿಮಿಷ ತೆಗೆಯಿರಿ, 24 ಉಳಿಯಿತು. ಶೀರ್ಷಿಕೆ ಗೀತೆ, ನಿನ್ನೆಯ ತುಣುಕು, ನಾಳೆಯ ತುಣುಕು ಕಳೆದರೆ 20ರ ಆಸುಪಾಸು.

ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ನಿನ್ನೆಯ ತುಣುಕು ಮುಗಿದ ಕ್ಷಣ ಶುರು ಮಾಡಿ, ಜಾಹೀರಾತು ಬಂದಾಗ ನಿಲ್ಲಿಸಿ, ಮತ್ತೆ ಬಂದಾಗ ಒತ್ತಿ. ತಪ್ಪುವುದು ಇಲ್ಲೇ: ಜಾಹೀರಾತಿನ ನಂತರ ಹಿಂದಿನ ದೃಶ್ಯದ ಬಾಲವನ್ನು ಹತ್ತಿಪ್ಪತ್ತು ಸೆಕೆಂಡು ಮತ್ತೆ ತೋರಿಸುತ್ತಾರೆ. ಅದನ್ನು ಕಳೆಯದಿದ್ದರೆ ಲೆಕ್ಕ ಉಬ್ಬುತ್ತದೆ. ಆಮೇಲೆ ಮುಖದಿಂದ ಮುಖಕ್ಕೆ ಮೂರು ಸುತ್ತು ತಿರುಗುವ ಕ್ಯಾಮೆರಾವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಒಟ್ಟು 19 ನಿಮಿಷ 40 ಸೆಕೆಂಡು ಬಂತು ಅನ್ನಿ. ಮರುತುಣುಕು 50 ಸೆಕೆಂಡು, ಮುಖಗಳ ಸುತ್ತು 3 ನಿಮಿಷ 10 ಸೆಕೆಂಡು. ಉಳಿದದ್ದು 15 ನಿಮಿಷ 40 ಸೆಕೆಂಡು. ಇಷ್ಟರ ಮೇಲೆ ನಿಮ್ಮ ಅಭಿಪ್ರಾಯ ನಿಲ್ಲಬೇಕು.

ನೋಡ್ತಾ ನೋಡ್ತಾ ಬರಕೊಳ್ಳೋದು ಹ್ಯಾಂಗ? ಬರೆಯೋದ್ರೊಳಗ ದೃಶ್ಯನ ಹೋಗಿಬಿಡ್ತದ.

ವಾಕ್ಯ ಬರೆಯಲು ಹೋಗುವುದರಿಂದಲೇ ಹೋಗುತ್ತದೆ. ಪುಟಕ್ಕೆ ಉದ್ದಕ್ಕೆ ಮೂರು ಗೆರೆ ಎಳೆದರೆ ನಾಲ್ಕು ಮನೆ: ಜಾಗ, ಯಾರು, ಏನು ಬದಲಾಯಿತು, ಎಷ್ಟು ನಿಮಿಷ. ಒಂದು ದೃಶ್ಯಕ್ಕೆ ಒಂದು ಸಾಲು. ಪಾತ್ರದ ಹೆಸರಿನ ಮೊದಲ ಅಕ್ಷರ ಸಾಕು. ಕಲ್ಪಿತ ಸಂಚಿಕೆಯೊಂದರ ಹಾಳೆ ಹೀಗಿರುತ್ತದೆ:

ಅಡಿಗೆಮನೆ. ಅತ್ತಿಗೆ ಒಬ್ಬಳೇ. ಹಾಲಿಗೆ ಪುಡಿ ಬೆರೆಸಿದಳು, ಕೆಲಸದಾಕೆ ಕಂಡಳು. 3.
ಪಡಸಾಲೆ. ಅತ್ತೆ, ಸೊಸೆ. ಸೀರೆ ಮಾತು. ಏನಿಲ್ಲ. 4.
ಆಫೀಸು. ಗಂಡ, ಗೆಳೆಯ. ನಿನ್ನೆ ನಾವು ನೋಡಿದ್ದನ್ನೇ ಗಂಡ ಹೇಳಿದ. ಏನಿಲ್ಲ. 3.
ಹಿತ್ತಲು. ಕೆಲಸದಾಕೆ, ಅತ್ತಿಗೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದಳು. 3.
ಪಡಸಾಲೆ. ಎಲ್ಲರೂ. ಸೊಸೆ ಲೋಟ ಎತ್ತಿದಳು. ನಿಂತಿತು. 2.

ಐದು ದೃಶ್ಯದಲ್ಲಿ ಬದಲಾವಣೆ ಎರಡರಲ್ಲಿ, ಅದೂ ಎರಡೂ ಕೆಲಸದಾಕೆಯ ಸುತ್ತ. ಹಾಗಿದ್ದರೆ ಇದು ಸೊಸೆಯ ಸಂಚಿಕೆ ಅಲ್ಲವೇ ಅಲ್ಲ, ಕೆಲಸದಾಕೆಯದು. ಹಾಳೆ ಇಲ್ಲದೆ ಇದು ಹೊಳೆಯುವುದು ಕಷ್ಟ, ಯಾಕೆಂದರೆ ಕ್ಯಾಮೆರಾ ಪೂರ್ತಿ ಸೊಸೆಯ ಮುಖದ ಮೇಲೇ ಇರುತ್ತದೆ. ಸಂಭಾಷಣೆಯನ್ನು ಅಕ್ಷರಶಃ ಬರೆದುಕೊಳ್ಳುವ ಆಸೆ ಇದ್ದರೆ ಮರುದಿನ ಮರುಪ್ರಸಾರದಲ್ಲೋ ಆ್ಯಪ್‌ನಲ್ಲೋ ಮಾಡಿ.

'ಎಳೆದಾಟ' ಅಂತ ಯಾವಾಗ ಬರೆಯಬಹುದು?

ಒಂದೇ ಸುದ್ದಿಯನ್ನು ಮೂರನೇ ಸಲ ಹೇಳಿದಾಗ. ಎರಡನೇ ಸಲಕ್ಕೆ ಮಾಫಿ ಕೊಡಿ. ಧಾರಾವಾಹಿಯನ್ನು ಅರ್ಧ ಜನ ನೋಡುವುದಿಲ್ಲ, ಕೇಳುತ್ತಾರೆ. ಒಲೆ ಮುಂದೆ ನಿಂತವರು, ಮಗುವಿಗೆ ಉಣಿಸುವವರು, ಹೊಲಿಗೆ ಮಿಷನ್ ತುಳಿಯುವವರು. "ಅಂದ್ರೆ ಆ ಪತ್ರ ಬರೆದದ್ದು ನೀನೇನಾ?" ಅಂತ ಪಾತ್ರ ಮತ್ತೊಮ್ಮೆ ಕೇಳುವುದು ಇವರಿಗಾಗಿ. ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು.

ಎಳೆದಾಟಕ್ಕೆ ಕಾರಣಗಳೂ ಒಂದೇ ಥರ ಇರುವುದಿಲ್ಲ. ಮುಂಚಿತವಾಗಿ ಚಿತ್ರೀಕರಿಸಿಟ್ಟ ಸಂಚಿಕೆಗಳ ದಾಸ್ತಾನಿಗೆ 'ಬ್ಯಾಂಕಿಂಗ್' ಅನ್ನುತ್ತಾರೆ. ಅದು ಕರಗಿದಾಗ ಇದ್ದ ಕಲಾವಿದರನ್ನು ಇದ್ದ ಮನೆಯಲ್ಲೇ ಕೂರಿಸಿ ಮಾತಾಡಿಸುತ್ತಾರೆ. ಮುಖ್ಯ ಕಲಾವಿದರು ರಜೆಯಲ್ಲಿದ್ದರೆ ನಾದಿನಿಯ ಪ್ರೇಮಕಥೆ ಏಕಾಏಕಿ ಬೆಳೆಯುತ್ತದೆ. ವಾರಾಂತ್ಯಕ್ಕೆ ಒಂದು ಗಂಟೆಯ ಮಹಾಸಂಚಿಕೆ ಇದ್ದರೆ ಬುಧ, ಗುರುವಾರದ ಕಥೆಗೆ ನೀರು ಬೆರೆಸುತ್ತಾರೆ. ಕಾರಣ ಊಹಿಸಿ ಬರೆಯುವುದು ಬೇಡ. "ನಾಯಕಿ 4 ಸಂಚಿಕೆಯಿಂದ ಒಂದೇ ಕೋಣೆಯಲ್ಲಿದ್ದಾಳೆ" ಅಂತ ಕಂಡದ್ದನ್ನು ಬರೆದರೆ ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಪ್ರೋಮೋದಲ್ಲಿ ತೋರಿಸಿದ್ದು ಸಂಚಿಕೆಯಲ್ಲಿ ಬರಲೇ ಇಲ್ಲ. ಅಂಕ ಕಡಿಮೆ ಮಾಡಬೇಕಾ?

ಬೇಡ, ಆದರೆ ಬರೆಯಿರಿ. ಪ್ರೋಮೋವನ್ನು ವಾಹಿನಿಯ ಪ್ರಚಾರ ವಿಭಾಗ ಕಟ್ಟುತ್ತದೆ, ಸಂಚಿಕೆಯನ್ನು ನಿರ್ದೇಶಕರ ತಂಡ ಕಟ್ಟುತ್ತದೆ. ಒಬ್ಬರ ಸಾಲವನ್ನು ಇನ್ನೊಬ್ಬರಿಂದ ವಸೂಲಿ ಮಾಡಬಾರದು. ತಾಳಿ ಹರಿದದ್ದು ಕನಸು ಅಂತ ಸಂಚಿಕೆಯೊಳಗೇ ತೋರಿಸಿದರೆ ಮಾತ್ರ ಅದು ಸಂಚಿಕೆಯದೇ ಮೋಸ, ಅಂಕ ಕತ್ತರಿಸಿ.

ಕೋರ್ಟು, ಪೊಲೀಸು, ಆಸ್ತಿಪತ್ರದ ದೃಶ್ಯಗಳಲ್ಲಿ ತಪ್ಪು ಹಿಡಿಯುವುದು ಹೇಗೆ?

ಇದು ದೊಡ್ಡ ಗಣಿ, ಅಗೆದಷ್ಟೂ ಸಿಗುತ್ತದೆ. "ಲಾಜಿಕ್ ಇಲ್ಲ" ಅಂತ ಒಂದೇ ಮಾತಿನಲ್ಲಿ ನಗುವುದು ಸುಲಭ. 2018ರಲ್ಲಿ 'ಪುಟ್ಟಗೌರಿ ಮದುವೆ'ಯ ಕಾಡಿನ ಸಂಚಿಕೆಗಳ ಮೇಲೆ ಆದ ಟ್ರೋಲ್‌ಗಳನ್ನು ನೆನಪಿಸಿಕೊಳ್ಳಿ. ಕಾಡು, ಕಂದಕ ಕಲ್ಪನೆಯ ಲೋಕ, ಅಲ್ಲಿ ಏನಾದರೂ ನಡೆದೀತು. ನೋಡುಗರ ನಿಜ ಬದುಕಿಗೆ ಪೆಟ್ಟು ಕೊಡುವುದು ತಪ್ಪು ಕಾನೂನು, ಯಾಕೆಂದರೆ ಅದನ್ನು ಜನ ನಂಬುತ್ತಾರೆ.

ಖಾಲಿ ಕಾಗದಕ್ಕೆ ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಂಡು ಖಳ "ಇವತ್ತಿಂದ ಈ ಮನೆ ನಂದು" ಅಂದರೆ ಮನೆ ಅವನದಾಗುವುದಿಲ್ಲ. ಸ್ಥಿರಾಸ್ತಿಯ ಕ್ರಯಪತ್ರ, ದಾನಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು. "ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ" ಅಂತ ವಕೀಲರ ಪಾತ್ರವೇ ಹೇಳಿದರೆ ಕೆಂಪು ಗೆರೆ ಎಳೆಯಿರಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ.

ವಿಚ್ಛೇದನ ಪತ್ರಕ್ಕೆ ರಾತ್ರಿ ಸಹಿ, ಬೆಳಗ್ಗೆ ಇನ್ನೊಂದು ಮದುವೆ. ಇದೂ ಆಗದ ಮಾತು. ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯಿದ್ದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ಆ 6 ತಿಂಗಳನ್ನು ಕೋರ್ಟು ಬಯಸಿದರೆ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಏನೇ ಆದರೂ ತೀರ್ಪು ಕೊಡುವುದು ಕೋರ್ಟು, ಸಹಿ ಅಲ್ಲ.

ಈಚಿನ ಸಂಚಿಕೆಗಳಲ್ಲಿ ಇನ್ಸ್‌ಪೆಕ್ಟರ್ "302 ಹಾಕ್ತೀನಿ" ಅಂದರೆ ತಾರೀಖು ನೋಡಿ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಶಿಕ್ಷೆ ಹೇಳುವುದು ಈಗ 302 ಅಲ್ಲ, ಹೊಸದರ 103ನೇ ಸೆಕ್ಷನ್, ವಂಚನೆಯ ಹಳೇ 420 ಈಗ 318(4). ಕಥೆಯಲ್ಲಿ ಕೊಲೆ ಆ ದಿನಕ್ಕಿಂತ ಹಿಂದೆ ನಡೆದಿದ್ದರೆ 302 ಸರಿಯೇ, ಅವಸರಪಟ್ಟು ತಪ್ಪು ಅನ್ನಬೇಡಿ. ನಾಯಕಿಯನ್ನು ನಡುರಾತ್ರಿ ಜೀಪು ಹತ್ತಿಸಿದರೆ ಕೇಳಬೇಕಾದ್ದು: ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಅಸಾಧಾರಣ ಸಂದರ್ಭ ಬಿಟ್ಟು ಬಂಧಿಸುವಂತಿಲ್ಲ, ಬಂಧಿಸುವುದಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ದೃಶ್ಯದಲ್ಲಿ ಆ ಅಧಿಕಾರಿ ಎಲ್ಲಿ?

ನಮ್ಮ ಕಡೆಯವರು ಮಾತ್ರ ಹಿಡಿಯಬಹುದಾದ ತಪ್ಪೂ ಒಂದಿದೆ. ಕಥೆ ರಾಯಚೂರಿನಲ್ಲಿ ನಡೆಯುವಾಗ ಪಾತ್ರ ಹೈಕೋರ್ಟಿಗೆ ಅಂತ ಬೆಂಗಳೂರಿಗೆ ಹೊರಟರೆ, ರಾಯಚೂರು ಕಲಬುರಗಿ ಪೀಠಕ್ಕೆ ಸೇರಿದ್ದು. ಬಳ್ಳಾರಿ, ಕೊಪ್ಪಳ ಧಾರವಾಡ ಪೀಠಕ್ಕೆ. ಕೋರ್ಟು ದೃಶ್ಯವನ್ನು ನೋಡುವಂತೆ ಕಟ್ಟಬಹುದು ಅನ್ನುವುದಕ್ಕೆ ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳ ವಾದ-ಪ್ರತಿವಾದದ ಸಂಚಿಕೆಗಳೇ ಸಾಕ್ಷಿ. ಅಲ್ಲಿ ಗುಡುಗಿನ ಸದ್ದು ಬೇಕಾಗಿರಲಿಲ್ಲ.

ಆಸ್ಪತ್ರೆ ದೃಶ್ಯ?

ಮೂರು ಕಡೆ ಕಣ್ಣಿಡಿ. ಪರದೆಯ ಮೇಲೆ ಗೆರೆ ಪೂರ್ತಿ ಚಪ್ಪಟೆಯಾದ ಮೇಲೆ ಎದೆಗೆ ಕರೆಂಟಿನ ಶಾಕ್ ಕೊಡುವುದು ತಪ್ಪು. ಶಾಕ್ ಕೊಡುವುದು ಹೃದಯ ಅಡ್ಡಾದಿಡ್ಡಿ ಮಿಡಿಯುವಾಗ, ನಿಂತಾಗ ಎದೆ ಒತ್ತುತ್ತಾರೆ, ಔಷಧಿ ಕೊಡುತ್ತಾರೆ. ಎರಡನೆಯದು, ಪಕ್ಕದ ಮಂಚದಲ್ಲಿ ಮಲಗಿಸಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ನೇರವಾಗಿ ರಕ್ತ ಹರಿಸುವುದು. ಪರೀಕ್ಷೆ, ಹೊಂದಾಣಿಕೆ ನೋಡದೆ ರಕ್ತ ಏರಿಸುವುದಿಲ್ಲ. ಮೂರನೆಯದು ನಾಡಿ ಹಿಡಿದು "ನೀವು ತಾಯಿ ಆಗ್ತಿದೀರಿ" ಅನ್ನುವ ಡಾಕ್ಟರು. ಇದನ್ನು ಈಗ ಯಾರೂ ತಪ್ಪು ಅಂತಲೂ ಬರೆಯುವುದಿಲ್ಲ, ಅಷ್ಟು ಹಳೆಯದಾಗಿದೆ.

ಧಾರಾವಾಹಿಯ 'ಉತ್ತರ ಕರ್ನಾಟಕ ಭಾಷೆ' ನಮ್ಮ ಭಾಷೆ ಥರ ಕೇಳ್ಸಂಗಿಲ್ಲಲ್ರಿ, ಯಾಕ?

ಬೆಂಗಳೂರಿನಲ್ಲಿ ಕೂತು ಬರೆದ ಸಂಭಾಷಣೆಗೆ ಉತ್ತರ ಕರ್ನಾಟಕ ಅಂದರೆ ಒಂದೇ ಊರು. ಪ್ರತಿ ಮಾತಿನ ಬಾಲಕ್ಕೆ 'ರಿ' ಹಚ್ಚಿದರೆ ಮುಗಿಯಿತು ಅನ್ನುವ ಭಾವನೆ. ರಾಯಚೂರು, ಕೊಪ್ಪಳದ 'ಮಾಡಕತ್ತಾನ', 'ಹೊಂಟಾನ' ಒಂದು ಬಗೆ. ಬಳ್ಳಾರಿ ಪೇಟೆಯ ತೆಲುಗು ನೆರಳಿನ ಕನ್ನಡ ಬೇರೆ ಬಗೆ. ಸಿರುಗುಪ್ಪದ ಗಡಿ ಮನೆಗಳಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ರಾಯಚೂರಿನಲ್ಲಿ ಜಲ್ದಿ, ತಕರಾರು, ಬಂದೋಬಸ್ತು ಎಲ್ಲ ಮನೆಮಾತೇ.

ಪರೀಕ್ಷೆಗೆ ನಾಲ್ಕು ಗುರುತು. 'ರಿ' ಗೌರವದ್ದು, ತಾಯಿ ಐದು ವರ್ಷದ ಮಗನಿಗೆ "ಬರ್ರಿ ತಮ್ಮಾ" ಅನ್ನುವುದಿಲ್ಲ, "ಬಾರಲೇ ತಮ್ಮಾ" ಅನ್ನುತ್ತಾಳೆ. ಎರಡು, ಅಳುವ ದೃಶ್ಯ ಬಂದಾಗ ಭಾಷೆ ಜಾರುತ್ತದೆಯೇ ನೋಡಿ. ನಗುವಾಗ 'ಅವ್ವಾ' ಅಂದ ಹುಡುಗಿ ಗೋಳಾಡುವಾಗ 'ಅಮ್ಮಾ' ಅಂದರೆ ಆ ಭಾಷೆ ಆಕೆಯ ಮೈಗೆ ಹತ್ತಿಲ್ಲ, ಮೇಲೆ ಹೊದಿಸಿದ್ದು. ಮೂರು, ಚಿಗವ್ವ, ಕಾಕಾ, ಸಣ್ಣಪ್ಪ ಇವೆಲ್ಲ ಬರಬೇಕಾದ ಕಡೆ ಬರೀ ಚಿಕ್ಕಮ್ಮ, ಚಿಕ್ಕಪ್ಪ ಇದೆಯೇ? ನಾಲ್ಕನೆಯದು ಎಲ್ಲಕ್ಕಿಂತ ಕಹಿ: ಒಂದೇ ಮನೆಯಲ್ಲಿ ನಾಯಕ ಬೆಂಗಳೂರು ಕನ್ನಡ, ಅಡಿಗೆಯವನು, ಡ್ರೈವರ್, ರೌಡಿ ಮಾತ್ರ ನಮ್ಮ ಕನ್ನಡ. ಇಂಥ ಸಂಚಿಕೆಯಲ್ಲಿ ಎಷ್ಟು ಪಾತ್ರ ಯಾವ ಭಾಷೆ ಆಡಿದವು, ಅವರ ಕೆಲಸ ಏನು ಅಂತ ಪಟ್ಟಿ ಹಾಕಿ. ಬೈಗುಳಕ್ಕಿಂತ ಪಟ್ಟಿ ಜೋರಾಗಿ ಮಾತಾಡುತ್ತದೆ.

ಭಾಷೆಯಂತೆಯೇ ಅಡಿಗೆ. ನಾಯಕಿ "ರೊಟ್ಟಿ ಮಾಡಾಕತ್ತೀನಿ" ಅಂತ ಲಟ್ಟಣಿಗೆಯಲ್ಲಿ ತೀಡಿದರೆ ಅದು ಚಪಾತಿ. ಜೋಳದ ಹಿಟ್ಟಿಗೆ ಅಂಟು ಇಲ್ಲ, ಅದಕ್ಕೇ ಬಿಸಿನೀರು ಹಾಕಿ ನಾದುತ್ತಾರೆ, ಅಂಗೈಯಲ್ಲಿ ಬಡಿಯುತ್ತಾರೆ, ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ ತಿರುವುತ್ತಾರೆ. ಆ ನೀರು ಸವರದಿದ್ದರೆ ಒಣ ಹಿಟ್ಟು ಮೇಲೇ ಉಳಿದು ರೊಟ್ಟಿ ಬಿರಿಯುತ್ತದೆ. ಬಳೆಯ ಜೊತೆ ತಾಳ ಹಿಡಿಯುವ ಬಡಿತದ ಸದ್ದು ಕೇಳಿಸದ ರೊಟ್ಟಿ ದೃಶ್ಯ ನಮ್ಮ ಕಡೆಯದಲ್ಲ. ಚೆನ್ನಾಗಿ ತೋರಿಸಿದ್ದರೆ ಅದನ್ನೂ ಅಷ್ಟೇ ವಿವರವಾಗಿ ಬರೆಯಿರಿ. ಹಿಟ್ಟು ನಾದಲು ಬರುವ ನಟಿ ಸಿಗುವುದು ಅಪರೂಪ.

ಹಳೇ ಕಾಲದ ಕಥೆ ಇರುವ ಸಂಚಿಕೆಯಲ್ಲಿ ಏನು ನೋಡಬೇಕು?

ಕಾಲ ಮತ್ತು ಗಡಿ. 1948ರ ಸೆಪ್ಟೆಂಬರ್ ತನಕ ರಾಯಚೂರು ನಿಜಾಮರ ಸಂಸ್ಥಾನದಲ್ಲಿತ್ತು, ಇಂದಿನ ಕೊಪ್ಪಳವೂ ಆಗ ರಾಯಚೂರು ಜಿಲ್ಲೆಯ ಭಾಗ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಹಾಗಾಗಿ 1940ರ ದಶಕದ ಕಥೆಯಲ್ಲಿ ತುಂಗಭದ್ರೆಯ ರಾಯಚೂರು ದಡದಲ್ಲಿ ಹಾಲಿ ಸಿಕ್ಕಾ ಎಂಬ ನಿಜಾಮರ ನಾಣ್ಯ, ಉರ್ದು ಕಚೇರಿ. ಬಳ್ಳಾರಿ ದಡದಲ್ಲಿ ಬ್ರಿಟಿಷ್ ರೂಪಾಯಿ. ಎರಡೂ ಕಡೆ ಒಂದೇ ಪೊಲೀಸು, ಒಂದೇ ದುಡ್ಡು ತೋರಿಸಿದರೆ ಓದಿಕೊಂಡಿಲ್ಲ ಅಂತಲೇ ಅರ್ಥ.

ನೀರಿನ ವಿಷಯ ಇನ್ನೂ ಸುಲಭ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆ ಬರುವ ಮೊದಲು ಸಿಂಧನೂರು ಒಣಬೇಸಾಯದ ಸೀಮೆ, ಜೋಳ, ಹತ್ತಿ. ಅಜ್ಜನ ಬಾಲ್ಯದ ಫ್ಲ್ಯಾಷ್‌ಬ್ಯಾಕಿನಲ್ಲಿ ಸಿಂಧನೂರು ಸುತ್ತ ಕಣ್ಣು ಹಾಯುವವರೆಗೆ ಹಸಿರು ಭತ್ತ ಕಂಡರೆ ಅದು ಡ್ರೋನ್ ಹಾರಿಸಿದವರ ಸೋಮಾರಿತನ. ವಿಜಯನಗರದ ಅರಮನೆಯ ಅಡಿಗೆಯಲ್ಲಿ, ಆ ಕಾಲಕ್ಕೆ ನಮ್ಮ ಅಡಿಗೆಮನೆಗೆ ಬಾರದ ಟೊಮೆಟೊ ಕಂಡರೂ ಬಿಡಬೇಡಿ.

ಹಂಪಿಯ ಕಲ್ಲಿನ ರಥಕ್ಕೂ ಒಂದು ಗುಟ್ಟಿದೆ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇದೆ. ಇಂದಿನ ಬೋಳು ರಥವನ್ನೇ ಹಳೆಯ ಕಾಲದ್ದು ಅಂತ ತೋರಿಸುವುದು ನಿಖರವಲ್ಲ. ಆದರೆ ಇದಕ್ಕೆ ಅಂಕ ಕಳೆಯುವುದು ಸ್ವಲ್ಪ ಕ್ರೂರವಾದೀತು, ಟಿಪ್ಪಣಿ ಹಾಕಿದರೆ ಸಾಕು.

ಮಂತ್ರಾಲಯದ ರಾಯರ ಕಥೆಗಳಲ್ಲಿ ರಾಯಚೂರು ತಾಲ್ಲೂಕಿನ ಪಂಚಮುಖಿ ಗಾಣಧಾಳ, ಅಪ್ಪಣ್ಣಾಚಾರ್ಯರ ಬಿಚ್ಚಾಲೆ ಬಂದೇ ಬರುತ್ತವೆ. ಎರಡೂ ನೋಡಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಗಾಣಧಾಳದ ಬಂಡೆಗುಡ್ಡಕ್ಕೆ ಮಲೆನಾಡಿನ ಹಸಿರು ಕಾಡು ಹೊದಿಸಿದ್ದರೆ ಹೇಳಲು ಬೇರೆಯವರು ಬೇಕಿಲ್ಲ.

ತೆಲುಗಿನಲ್ಲಿ ಈ ಕಥೆ ಮೊದಲೇ ನೋಡಿದ್ದೇವೆ. ಮುಂದೇನಾಗುತ್ತೆ ಗೊತ್ತು. ಬರೆಯಬಹುದಾ?

ಬಳ್ಳಾರಿ, ರಾಯಚೂರಿನವರಿಗೆ ಇದು ಶಾಪವೂ ಹೌದು, ಅನುಕೂಲವೂ ಹೌದು. ಮುಂದಾಗುವುದನ್ನು ಬರೆಯಬೇಡಿ. ಆದರೆ ಒಂದೇ ದೃಶ್ಯವನ್ನು ಎರಡೂ ಕಡೆ ಹೇಗೆ ಕಟ್ಟಿದ್ದಾರೆ ಅಂತ ಹೋಲಿಸುವ ಅವಕಾಶ ನಿಮಗಿದ್ದಷ್ಟು ಮೈಸೂರಿನವರಿಗಿಲ್ಲ. ಮರಾಠಿಯ 'ತುಲಾ ಪಾಹತೆ ರೇ' ಕನ್ನಡದಲ್ಲಿ 2019ರಲ್ಲಿ 'ಜೊತೆ ಜೊತೆಯಲಿ' ಆಯಿತು, 2020ರಲ್ಲಿ ತೆಲುಗಿನಲ್ಲಿ 'ಪ್ರೇಮ ಎಂತ ಮಧುರಂ' ಆಯಿತು. ಇಂಥ ಕಡೆ ನೋಡಬೇಕಾದ್ದು: ಯಾವ ದೃಶ್ಯ ಹೊಸದಾಗಿ ಸೇರಿಸಿದರು, ಯಾವುದು ಬಿಟ್ಟರು, ಮದುವೆ, ಹಬ್ಬ ನಮ್ಮದಾಯಿತೇ ಅಥವಾ ಸೀರೆ ಉಡುವ ರೀತಿ ಸಹಿತ ಹಾಗೇ ಇಳಿಯಿತೇ. ಇನ್ನೊಂದು ಎಚ್ಚರಿಕೆ, ರೀಮೇಕ್ ಧಾರಾವಾಹಿಗಳು ನೂರಿನ್ನೂರು ಸಂಚಿಕೆ ಆದ ಮೇಲೆ ಮೂಲದ ದಾರಿ ಬಿಡುವುದು ಸಾಮಾನ್ಯ. "ನಾಳೆ ಹಿಂಗಾಗ್ತದ" ಅಂತ ಪಂದ್ಯ ಕಟ್ಟಿದವರು ಸೋಲುವುದು ಅದಕ್ಕೇ.

ಡಬ್ಬಿಂಗ್ ಧಾರಾವಾಹಿಯ ಸಂಚಿಕೆಗೆ ಬೇರೆ ಅಳತೆ ಬೇಕಾ?

ನಟನೆಯನ್ನು ಎರಡು ಭಾಗ ಮಾಡಿ, ಮುಖದ್ದು ಒಂದು, 'ದನಿ'ಯದು ಇನ್ನೊಂದು. ತುಟಿಗೆ ಮಾತು ಕೂರಿಸುವ ಅವಸರದಲ್ಲಿ ಕನ್ನಡದ ವಾಕ್ಯ ತಲೆಕೆಳಗಾಗಿದೆಯೇ ಕೇಳಿಸಿಕೊಳ್ಳಿ. ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದರೆ ತಿಳಿಯುತ್ತದೆ. 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ ಅಂಬೇಡ್ಕರ್ ಜೀವನದ 'ಮಹಾನಾಯಕ'ಕ್ಕೆ ರಾಜ್ಯದ ಹಳ್ಳಿಗಳಲ್ಲಿ ಜನರೇ ಬ್ಯಾನರ್ ಕಟ್ಟಿದರು. ಡಬ್ಬಿಂಗ್ ಅನ್ನುವ ಒಂದೇ ಕಾರಣಕ್ಕೆ ಸಂಚಿಕೆಯನ್ನು ತಳ್ಳಿಹಾಕುವ ವಾದ ಅಲ್ಲಿಗೆ ಬಿದ್ದುಹೋಯಿತು.

ಹತ್ತಕ್ಕೆ ಎಷ್ಟು ಅಂತ ಅಂಕ ಹಾಕೋದು ಹ್ಯಾಂಗ?

ಬದಲಾವಣೆಗೆ 4, ಸಂಭಾಷಣೆಗೆ 2, ನಟನೆ-ನಿರ್ದೇಶನಕ್ಕೆ 2, ನಿಜಕ್ಕೆ ಅಂದರೆ ಕಾನೂನು, ಭಾಷೆ, ಜಾಗ ಇವುಗಳಿಗೆ 2. ಹಂಚದೆ ಒಟ್ಟಾರೆ ಹಾಕಿದರೆ ಎಲ್ಲ ಸಂಚಿಕೆಗೂ 7 ಬರುತ್ತದೆ, ನೋಡಿ ಬೇಕಾದರೆ. ಅದೇ ಧಾರಾವಾಹಿಯ ಹಿಂದಿನ ಸಂಚಿಕೆಗಳಿಗೆ ಮಾತ್ರ ಹೋಲಿಸಿ. ರಿಯಾಲಿಟಿ ಷೋಗೆ ಈ ಹಂಚಿಕೆ ನಡೆಯುವುದಿಲ್ಲ.

ನಿನ್ನೆಯ ಸಂಚಿಕೆಗೆ ಟಿಆರ್‌ಪಿ ಎಷ್ಟು ಬಂತು?

ಇವತ್ತು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಕಾರ್ಯಕ್ರಮ ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆಯ ವಾರ ಶನಿವಾರದಿಂದ ಶುಕ್ರವಾರ, ಅಂಕಿ ಹೊರಬರುವುದು ಮುಂದಿನ ಗುರುವಾರ. ದೇಶದಲ್ಲಿ 50,000ಕ್ಕೂ ಹೆಚ್ಚು ಆಯ್ದ ಮನೆಗಳಲ್ಲಿ ಮೀಟರ್ ಇವೆ, ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳಿಸದಂತೆ ಸೇರಿಸಿದ ಗುರುತನ್ನು ಅವು ಹಿಡಿಯುತ್ತವೆ. ಸುದ್ದಿಯಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಇಡೀ ವಾರದ ಸರಾಸರಿ. ಮಂಗಳವಾರದ ಅದ್ಭುತ ಸಂಚಿಕೆಯೂ ಗುರುವಾರದ ಖಾಲಿ ಸಂಚಿಕೆಯೂ ಅದರಲ್ಲಿ ಕಲಸಿಹೋಗಿರುತ್ತವೆ. ನಿಮ್ಮ ಅಭಿಪ್ರಾಯಕ್ಕೆ ಅದನ್ನು ಊರುಗೋಲು ಮಾಡಿಕೊಳ್ಳಬೇಡಿ.

ವಿಲನ್ ಅತ್ತಿ ಪಾತ್ರದಾಕಿಗೆ ಬೈದು ಬರದ್ರ ತಪ್ಪೇನು?

ಬಯಲಾಟದಲ್ಲಿ ರಾಕ್ಷಸ ಪಾತ್ರ ಅಬ್ಬರಿಸಿದಾಗ ಊರೇ ಹೆದರುತ್ತದೆ, ಬೆಳಗ್ಗೆ ಅದೇ ಮನುಷ್ಯನ ಜೊತೆ ಮಿರ್ಚಿ ಒಗ್ಗರಣಿ ತಿನ್ನುತ್ತದೆ. ನಿಮಗೆ ಅಷ್ಟು ಸಿಟ್ಟು ಬಂದಿದ್ದರೆ ಆಕೆಯ ಕೆಲಸ ಚೆನ್ನಾಗಿ ಆಗಿದೆ, ನಟನೆಯ ಅಂಕ ಪೂರ್ತಿ ಕೊಡಿ. ಪಾತ್ರದ ಹೆಸರಿನಲ್ಲಿ ಬೈಯಿರಿ, ಕಲಾವಿದೆಯ ಹೆಸರಿನಲ್ಲಿ ಬೇಡ.

ಸಂಚಿಕೆ ಸಂಖ್ಯೆ ಟಿವಿಗೂ ಆ್ಯಪ್‌ಗೂ ಹೊಂದುವುದಿಲ್ಲ. ಯಾವುದು ಹಾಕಲಿ?

ಪ್ರಸಾರದ ತಾರೀಖು. ಒಂದು ಗಂಟೆಯ ಮಹಾಸಂಚಿಕೆಯನ್ನು ಒಂದು ಕಡೆ ಒಂದು ಅಂತಲೂ ಇನ್ನೊಂದು ಕಡೆ ಎರಡು ಅಂತಲೂ ಎಣಿಸುವುದುಂಟು, ಎರಡು ಧಾರಾವಾಹಿ ಸೇರಿಸಿದ ಮಹಾಸಂಗಮ ಬಂದರಂತೂ ಲೆಕ್ಕವೇ ತಪ್ಪುತ್ತದೆ.

ಒಂದು ಸಂಚಿಕೆ ನಿಜವಾಗಿಯೂ ಅಸಹ್ಯವಾಗಿದೆ, ಅವಹೇಳನ ಇದೆ. ಅಭಿಪ್ರಾಯ ಬರೆದರೆ ಸಾಲದು, ದೂರು ಕೊಡಬೇಕು.

2021ರ ಜೂನ್‌ನಲ್ಲಿ ಬಂದ ಕೇಬಲ್ ಟಿವಿ ತಿದ್ದುಪಡಿ ನಿಯಮಗಳಲ್ಲಿ ಮೂರು ಮೆಟ್ಟಿಲು ಇವೆ. ಮೊದಲು ವಾಹಿನಿಗೇ ಲಿಖಿತ ದೂರು. ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ನಿರ್ಧಾರ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ವಾಹಿನಿ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದಕ್ಕೆ 60 ದಿನ ಕಾಲಾವಕಾಶ. ಅದೂ ಆಗದಿದ್ದರೆ ಮತ್ತೆ 15 ದಿನದೊಳಗೆ ಕೇಂದ್ರ ಸರ್ಕಾರಕ್ಕೆ.

ದೂರುಗಳು ಸಾಯುವುದು ಕಾನೂನಿನ ಕೊರತೆಯಿಂದಲ್ಲ, ವಿವರದ ಕೊರತೆಯಿಂದ. "ನಿಮ್ಮ ಧಾರಾವಾಹಿ ಹೆಣ್ಣುಮಕ್ಕಳಿಗೆ ಅವಮಾನ" ಅಂದರೆ ಉತ್ತರವೂ ಅಷ್ಟೇ ಸವೆದದ್ದು ಬರುತ್ತದೆ. ವಾಹಿನಿ, ಕಾರ್ಯಕ್ರಮ, ತಾರೀಖು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಪಾತ್ರ ಯಾವ ಮಾತು ಆಡಿತು, ಆಕ್ಷೇಪ ಏನು, ಇಷ್ಟು ಬರೆಯಿರಿ. ನಾಲ್ಕು ಮನೆಯ ಹಾಳೆ ಇಟ್ಟುಕೊಂಡವರಿಗೆ ಇದು ಹತ್ತು ನಿಮಿಷದ ಕೆಲಸ. ಕಥೆ ಹಿಡಿಸಲಿಲ್ಲ, ಜೋಡಿ ಒಡೆದರು ಅನ್ನುವುದು ದೂರಲ್ಲ, ಅಭಿಪ್ರಾಯ.

ಚೆನ್ನಾಗಿದ್ದ ಸಂಚಿಕೆಗೆ ಯಾರ ಹೆಸರು ಹೇಳಬೇಕು?

ಎಲ್ಲರೂ ನಾಯಕ-ನಾಯಕಿಯ ಹೆಸರು ಹೇಳಿ ಮುಗಿಸುತ್ತಾರೆ. ಹೆಸರುಗಳ ಪಟ್ಟಿಯಲ್ಲಿ 'ಪ್ರಧಾನ ನಿರ್ದೇಶನ' ಬೇರೆ, 'ಸಂಚಿಕೆ ನಿರ್ದೇಶನ' ಬೇರೆ ಇರುತ್ತದೆ. ಆ ದಿನದ ದೃಶ್ಯಗಳನ್ನು ಸೆಟ್‌ನಲ್ಲಿ ನಿಂತು ತೆಗೆದವರು ಸಾಮಾನ್ಯವಾಗಿ ಎರಡನೆಯವರು. ಚಿತ್ರಕಥೆ, ಸಂಭಾಷಣೆ, ಸಂಕಲನ ಇವುಗಳನ್ನೂ ಬರೆದುಕೊಳ್ಳಿ. ಟಿವಿಯಲ್ಲಿ ಪಟ್ಟಿ ಕಣ್ಣು ಪಿಳುಕಿಸುವುದರೊಳಗೆ ಓಡುತ್ತದೆ, ಆ್ಯಪ್‌ನಲ್ಲಿ 'ಮುಂದಿನ ಸಂಚಿಕೆ' ಚೌಕ ಅಡ್ಡ ಬರುತ್ತದೆ. ಕೊನೆಯ ದೃಶ್ಯ ನಿಂತ ಕೂಡಲೇ ತಡೆಹಿಡಿಯುವ 'ಪಾಜ್' ಗುಂಡಿ ಒತ್ತಿ, ಒಂದೊಂದೇ ಸೆಕೆಂಡು ಮುಂದೆ ಸರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.